ವೀರೇಶನ ಹದಿನಾರು ಸಾಲು

ಮೂವತ್ತಮೂರನೇ ವಯಸ್ಸಿಗೆ ನಿವೃತ್ತನಾದವನು ನಾನು. ನಗಬೇಡಿ. ಹಿಪ್ ಹಾಪಿನಲ್ಲಿ ಮೂವತ್ತಮೂರು ಎಂದರೆ ಸರ್ಕಾರಿ ನೌಕರಿಯ ಅರವತ್ತಕ್ಕೆ ಸಮ. ಅವರಿಗೆ ಶಾಲು, ಹಾರ, ಗೋಡೆ ಗಡಿಯಾರ ಕೊಟ್ಟು ಕಳಿಸುತ್ತಾರೆ. ನನಗೆ ಸಿಕ್ಕಿದ್ದು ಒಂದೇ ಮಾತು. ಬಳ್ಳಾರಿಯ ಒಂದು ಕಾರ್ಯಕ್ರಮದಲ್ಲಿ ಮುಂದಿನ ಸಾಲಿನಲ್ಲಿ ಕುಣಿಯುತ್ತಿದ್ದ ಹುಡುಗಿ ನನ್ನನ್ನು ನೋಡಿ, "ಅಂಕಲ್, ಸ್ವಲ್ಪ ಸರೀರಿ, ಡೀಜೆ ಕಾಣವಲ್ದು" ಎಂದಳು. ನಾನು ಆಗ ಹಾಡುತ್ತಿದ್ದೆ. ಸರಿದೆ. ಸರಿದವನು ವೇದಿಕೆ ಇಳಿದೇ ಬಿಟ್ಟೆ.

ಈಗ ತರಕಾರಿ ಗಾಡಿಗಳಿಗೆ ದನಿ ಕೊಡುತ್ತೇನೆ. ಬೆಳಿಗ್ಗೆ ಓಣಿಯಲ್ಲಿ "ಉಳ್ಳಾಗಡ್ಡಿ ಬಂತು, ಉಳ್ಳಾಗಡ್ಡಿ" ಎಂದು ನಿಮ್ಮ ನಿದ್ದೆ ಕೆಡಿಸುವ ಸ್ಪೀಕರಿನೊಳಗೆ ಇರುವವನು ನಾನೇ. ಎರಡು ಗಾಡಿಗೆ ಒಂದೇ ದನಿ ಆದರೆ ಗಾಡಿಯವರು ಜಗಳಕ್ಕೆ ನಿಲ್ಲುತ್ತಾರೆ. ಹಾಗಾಗಿ ಒಬ್ಬರಿಗೆ ಮುದುಕನ ದನಿ, ಒಬ್ಬರಿಗೆ ಮೇಷ್ಟ್ರ ದನಿ, ಇನ್ನೊಬ್ಬರಿಗೆ ನಮ್ಮ ಚಿಕ್ಕಮ್ಮನ ದನಿ. ಚಿಕ್ಕಮ್ಮನದಕ್ಕೆ ವ್ಯಾಪಾರ ಜಾಸ್ತಿ, ಹೆದರಿ ಕೊಳ್ಳುತ್ತಾರೆ.

ಹಿಪ್ ಹಾಪಿಗೆ ಹೊಸದಾಗಿ ಬರುತ್ತಿರುವ ತಮ್ಮ, ತಂಗಿಯರು "ಅಣ್ಣಾ, ನಿಮ್ಮ ಕಾಲದಾಗ ಹೆಂಗಿತ್ತು?" ಎಂದು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗೆದ್ದ ಬಹುಮಾನಗಳ ಪಟ್ಟಿ ಕೊಡುವುದಿಲ್ಲ. ಗೆದ್ದಿದ್ದು ಒಂದು ಸ್ಟೀಲಿನ ತಾಟು ಮಾತ್ರ. ಮಾಡಿದ ತಪ್ಪುಗಳನ್ನು ಹೇಳುತ್ತೇನೆ. ಅವುಗಳಲ್ಲಿ ಒಂದು ಇನ್ನೂ ಸರಿಯಾಗಿಲ್ಲ. ಗೆಳೆಯ ವೀರೇಶನಿಂದ ನಾನು ಒಂದು ಹಾಡಿನ ಹದಿನಾರು ಸಾಲು ಕಿತ್ತುಕೊಂಡಿದ್ದೇನೆ. ಅವನ್ನು ಅವನಿಗೆ ವಾಪಸು ಮುಟ್ಟಿಸಬೇಕು. ಸದ್ಯಕ್ಕೆ ನನ್ನ ಬದುಕಿನ ದೊಡ್ಡ ಕೆಲಸ ಅದೇ.

ಮೊದಲಿನಿಂದ ಹೇಳುತ್ತೇನೆ. ಕುರುಗೋಡಿನಲ್ಲಿ ನಮ್ಮ ಮನೆಯ ಹತ್ತಿರ ಒಂದು ಮೊಬೈಲ್ ಅಂಗಡಿ ಇತ್ತು. ಮೆಮೊರಿ ಕಾರ್ಡು ಕೊಟ್ಟರೆ ಹಾಡು ತುಂಬಿ ಕೊಡುತ್ತಿದ್ದರು. ಅಂಗಡಿಯ ಕಂಪ್ಯೂಟರಿನಲ್ಲಿ ಹಾಡುಗಳನ್ನು ಬೇರೆ ಬೇರೆ ಮಾಡಿ ಇಟ್ಟಿದ್ದರು: ಭಕ್ತಿ, ಜಾನಪದ, ತೆಲುಗು ಹೊಸದು, ತೆಲುಗು ಹಳೇದು, ಎಲ್ಲಕ್ಕಿಂತ ಕೆಳಗೆ "ಇಂಗ್ಲಿಷ್ ಬೈಗುಳ". ನಾನು ಹಿಪ್ ಹಾಪನ್ನು ಮೊದಲು ಕೇಳಿದ್ದು ಆ ಕೊನೆಯ ಗಂಟಿನಲ್ಲಿ. ಅಂಗಡಿಯವನಿಗೆ ಅರ್ಥ ಗೊತ್ತಿರಲಿಲ್ಲ, ಸಿಟ್ಟು ಮಾತ್ರ ಗೊತ್ತಾಗಿತ್ತು. ನನಗೂ ಅಷ್ಟೇ. ಆದರೆ ನಾನು ಹುಟ್ಟಾ ಮಿಮಿಕ್ರಿಯವನು. ಕಂಡಕ್ಟರು, ಕಾಗೆ, ಕೆಟ್ಟ ಪಂಪ್‌ಸೆಟ್ಟು, ಯಾವುದನ್ನೂ ಬಿಟ್ಟವನಲ್ಲ. ಅರ್ಥದ ಗೊಡವೆ ಇಲ್ಲದೆ ದನಿ ಹಿಡಿದುಕೊಂಡೆ. ಒಂದು ತಿಂಗಳಲ್ಲಿ ಮೂರು ಹಾಡು ಇಂಗ್ಲಿಷಿನವನ ಹಾಗೆಯೇ ಒದರುತ್ತಿದ್ದೆ.

ಬಳ್ಳಾರಿಯ ಕಾಲೇಜಿಗೆ ಸೇರಿದ ವರ್ಷವೇ ವಾರ್ಷಿಕೋತ್ಸವದಲ್ಲಿ ಹಾಡಿದೆ. ಸಭೆ ಎದ್ದು ಕುಣಿಯಿತು. ಪ್ರಿನ್ಸಿಪಾಲರು ಮೊಣಕಾಲ ಮೇಲೆ ತಾಳ ಹಾಕಿದರು. ಇಳಿದು ಬಂದಾಗ ಇಂಗ್ಲಿಷ್ ಮೇಡಂ ಪಕ್ಕಕ್ಕೆ ಕರೆದರು.

"ತಮ್ಮಾ, ಏನು ಹಾಡಿದಿ ಅಂತ ಗೊತ್ತೈತೇನು?"

"ಸ್ನೇಹದ ಬಗ್ಗೆ ಇರಬೇಕ್ರಿ, ಮೇಡಂ."

"ಸ್ನೇಹ ಅಲ್ಲಪ್ಪ. ಕೇಳಿದವರ ತಾಯಿ, ತಂಗಿ, ಅಜ್ಜಿ, ಎಲ್ಲಾರೂ ಬಂದು ಹೋದ್ರು ಅದರಾಗ. ಪ್ರಿನ್ಸಿಪಾಲ್ರು ಕನ್ನಡ ಮೀಡಿಯಂ, ಅದಕ್ಕ ಬದುಕಿದಿ."

ಆ ವರ್ಷವೇ ಕಾಲೇಜು ಬಿಟ್ಟೆ. ಕಾರಣ ಆ ಹಾಡಲ್ಲ, ಗಣಿತ.

ನಮ್ಮ ಊರಿನ ಕಡೆ ಕಾಲೇಜು ಬಿಟ್ಟವರನ್ನು ಬಳ್ಳಾರಿಯ ಜೀನ್ಸ್ ಹೊಲಿಗೆ ಯೂನಿಟ್ಟುಗಳು ಬಾಯಿ ತೆರೆದು ಕಾಯುತ್ತಿರುತ್ತವೆ. ನನ್ನನ್ನು ಕಿಸೆ ಹೊಲಿಯುವ ಸಾಲಿನಲ್ಲಿ ಕೂರಿಸಿದರು. ಪಕ್ಕದ ಮಷಿನ್ನಿನಲ್ಲಿ ಇದ್ದವನೇ ವೀರೇಶ. ಸಿರಿಗೇರಿಯವನು, ನನ್ನ ವಯಸ್ಸಿನವನೇ. ದಿನವಿಡೀ ಏನೋ ಗೊಣಗುತ್ತಿದ್ದ. ಜಪ ಮಾಡುತ್ತಾನೆ ಎಂದುಕೊಂಡಿದ್ದೆ. ಒಂದು ದಿನ ಕಿವಿ ಹತ್ತಿರ ಇಟ್ಟು ಕೇಳಿದರೆ ಜಪವಲ್ಲ, ಮಷಿನ್ನಿನ ಓಟಕ್ಕೆ ಹೊಂದಿಸಿ ಮಾತು ಕಟ್ಟುತ್ತಿದ್ದ:

ಸೂಜಿ ಕೆಳಗ ಬಟ್ಟಿ, ಬಟ್ಟಿ ಮ್ಯಾಲ ಕಣ್ಣು,
ಕಣ್ಣಿನ್ಯಾಗ ದೂಳು, ಬಾಯಾಗ ನಮ್ಮೂರ ಮಣ್ಣು,
ನಾ ಹೊಲಿದ ಪ್ಯಾಂಟು ನೋಡೈತಿ ಬೊಂಬಾಯಿ,
ನಾ ನೋಡೀನಿ ಬರೇ ಅದರ ಕಿಸೆದ ಬಾಯಿ.

ನನ್ನ ಕೈಯಿಂದ ಕಿಸೆ ಜಾರಿ ಕೆಳಗೆ ಬಿತ್ತು. ಅಷ್ಟು ದಿನ ನಾನು ಯಾರದೋ ಸಿಟ್ಟನ್ನು ಯಾರದೋ ಭಾಷೆಯಲ್ಲಿ ಒದರುತ್ತಿದ್ದೆ. ಇವನು ನಮ್ಮ ಮನೆಯಲ್ಲಿ ಆಡುವ ಮಾತನ್ನೇ ತಾಳದ ಮೇಲೆ ಕೂರಿಸಿದ್ದ. "ಇದಕ್ಕ ಏನಂತಾರ ಗೊತ್ತೇನಲೇ?" ಎಂದೆ. "ಟೈಂಪಾಸ್" ಎಂದ.

ಊಟದ ಡಬ್ಬಿ ತೊಳೆದ ಮೇಲೆ ಹದಿನೈದು ನಿಮಿಷ ಸಿಗುತ್ತಿತ್ತು. ಬಟ್ಟೆಯ ಗಂಟುಗಳ ನಡುವೆ ಐದಾರು ಜನ ಸುತ್ತ ನಿಲ್ಲುತ್ತಿದ್ದೆವು. ಒಬ್ಬ ಖಾಲಿ ಮಷಿನ್ನಿನ ಪೆಡಲು ಒತ್ತಿ ಬಿಟ್ಟು, ಒತ್ತಿ ಬಿಟ್ಟು ತಾಳ ಕೊಡುತ್ತಿದ್ದ. ಹಿಪ್ ಹಾಪಿನಲ್ಲಿ ಒಬ್ಬನ ಸರದಿ ಎಂದರೆ ಹದಿನಾರು ಸಾಲು. ನಡುವೆ ನಿಲ್ಲುವ ಹಾಗಿಲ್ಲ. ಯಾವ ಶಬ್ದದ ಸಂದಿಯಲ್ಲಿ ಉಸಿರು ಕದಿಯಬೇಕು ಎನ್ನುವುದೇ ವಿದ್ಯೆ. ವೀರೇಶ ಕದಿಯುತ್ತಿದ್ದುದು ಯಾರಿಗೂ ಕಾಣುತ್ತಿರಲಿಲ್ಲ. ನಾನು ಎಂಟನೇ ಸಾಲಿಗೇ ಬಸ್ಸು ಹಿಡಿಯಲು ಓಡಿದವನಂತೆ ಏದುತ್ತಿದ್ದೆ.

ನಮ್ಮ ಮೇಲಿನವರು ಕಟಿಂಗ್ ಮಾಸ್ಟರ್ ಖಾಜಾ ಸಾಬರು. ಕಿವಿಯ ಮೇಲೆ ಗುರುತು ಹಾಕುವ ಸೀಮೆಸುಣ್ಣ, ಕೊರಳಲ್ಲಿ ಟೇಪು. ಮೊದಲು ಬಂದಾಗ ಪೆಡಲು ಒತ್ತುವವನ ಕಿವಿ ಹಿಂಡಿದರು: "ಖಾಲಿ ಓಡಿಸಿ ಸೂಜಿ ಮುರದ್ರ ಯಾರಪ್ಪ ಕೊಡ್ತಾನ?" ಆಮೇಲೆ ತಾವೇ ಗಂಟಿನ ಮೇಲೆ ಕೂತು ಕೇಳತೊಡಗಿದರು. ಒಂದು ದಿನ ನನಗೆ ಮಾತು ತೋಚದೆ, ವೀರೇಶ ಹಿಂದಿನ ದಿನ ಹೇಳಿದ್ದನ್ನೇ ಅವನ ದನಿಯಲ್ಲೇ ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾಸ್ಟರು ನಗಲಿಲ್ಲ.

"ಬೇಟಾ, ಅದು ಎಂಜಲ. ಹಸಿವಾದ್ರ ನೀ ಬೇಯಿಸ್ಕೊಂಡು ತಿನ್ನು. ಇನ್ನೊಬ್ಬನ ತಾಟಿಗೆ ಕೈ ಹಾಕಬ್ಯಾಡ."

ಅಂದಿನಿಂದ ಅದೇ ನಮ್ಮ ಸುತ್ತಿನ ಕಾಯಿದೆ ಆಯಿತು. ಇನ್ನೊಬ್ಬನ ಸಾಲು ಬಾಯಿಗೆ ಬಂದರೂ ನುಂಗಬೇಕು. ಉಸಿರು ಕಡಿದವನು ಕೂತುಬಿಡಬೇಕು.

ಹಿಪ್ ಹಾಪ್ ಎತ್ತ ಹೊರಟಿದೆ ಎಂದು ತಿಳಿಯಲು ನಮಗೆ ಹಾಡು ಕೇಳುವುದೇ ಬೇಕಿರಲಿಲ್ಲ. ಖಾಜಾ ಮಾಸ್ಟರ ಮೇಜು ನೋಡಿದರೆ ಸಾಕಿತ್ತು. ನಾವು ಸೇರಿದಾಗ ಇಬ್ಬರು ಒಟ್ಟಿಗೆ ಇಳಿಯಬಹುದಾದಷ್ಟು ಅಗಲದ ಪ್ಯಾಂಟು ಕತ್ತರಿಸುತ್ತಿದ್ದರು. ಆಗ ಹಾಡಿನಲ್ಲೂ ಜಾಗ ಇತ್ತು, ಮಾತು ಕಾಲು ಚಾಚಿ ಕೂರುತ್ತಿತ್ತು. ಮುಂದೆ ಕಾಲಿಗೆ ಅಂಟಿಕೊಳ್ಳುವ ಪ್ಯಾಂಟು ಬಂತು. ಹಾಡೂ ಬಿಗಿಯಾಯಿತು, ವೇಗವೇ ಶೌರ್ಯವಾಯಿತು. ಈಗ ಮತ್ತೆ ಅಗಲ ಬಂದಿದೆ. "ನೋಡ್ರಲೇ, ಹಳೇ ಪ್ಯಾಂಟಿನ ಅಳತಿ ಕಾಗದ ಒಗೀಬ್ಯಾಡ್ರಿ ಅಂದಿದ್ನಿಲ್ಲ?" ಎಂದು ಮಾಸ್ಟರು ಮೊನ್ನೆ ಕೂಡ ಹಂಗಿಸಿದರು. ಹಾಡಿಗೆ ಮಾತ್ರ ಹಳೆಯ ಅಗಲ ಬಂದಿಲ್ಲ.

ಇನ್ನು ಆ ತಪ್ಪಿನ ಕಥೆ. ನಮಗೆ ಇಪ್ಪತ್ತೆರಡು. ಪಾರ್ವತಿನಗರದಲ್ಲಿ ಪ್ರಸಾದಣ್ಣ ಎನ್ನುವವರು ಮನೆಯ ಮಾಳಿಗೆಯ ಮೇಲೆ ಧ್ವನಿಮುದ್ರಣದ ಕೋಣೆ ಇಟ್ಟಿದ್ದರು. ಗೋಡೆಗೆಲ್ಲ ಹಳೆಯ ಹಾಸಿಗೆ ಹೊಡೆದು, ಹೆಚ್ಚಾಗಿ ಭಜನೆಗಳನ್ನು ರೆಕಾರ್ಡು ಮಾಡುತ್ತಿದ್ದರು. ಕನ್ನಡ, ತೆಲುಗು ಎರಡನ್ನೂ ಕಲಸಿ ಮಾತಾಡುವವರು. ನಮಗೆ ಒಂದು ಭಾನುವಾರ ಬೆಳಿಗ್ಗೆಯಿಂದ ಎರಡು ಗಂಟೆಯವರೆಗೆ ಸಮಯ ಕೊಟ್ಟರು. ಹಾಡಿನಲ್ಲಿ ನನಗೆ ಹದಿನಾರು ಸಾಲು, ವೀರೇಶನಿಗೆ ಹದಿನಾರು. ಅವನದು ಆ ಸೂಜಿಯ ಹಾಡೇ, ನಾಲ್ಕು ವರ್ಷ ತಿದ್ದಿ ತಿದ್ದಿ ಬೆಳೆಸಿದ್ದು.

ವೀರೇಶ ಶನಿವಾರ ಊರಿಗೆ ಹೋಗಿದ್ದ. ಭಾನುವಾರ ಹನ್ನೊಂದಕ್ಕೆ ಫೋನು: "ಬಸ್ಸು ಕೆಟ್ಟು ನಿಂತೈತಿ. ಇನ್ನೂ ಕುರುಗೋಡು ದಾಟಿಲ್ಲ. ಕಾಯ್ರಲೇ, ಬರಾಕತ್ತೀನಿ." ಹನ್ನೆರಡಾಯಿತು, ಒಂದಾಯಿತು. ಪ್ರಸಾದಣ್ಣ ಗಡಿಯಾರ ತೋರಿಸಿದರು.

"ಏಮಯ್ಯಾ, ನಿಮ್ಮ ವೀರೇಶ ಮುಂದಿನ ಜನ್ಮಕ್ಕ ಬರ್ತಾನೇನು? ಎರಡಕ್ಕ ಭಜನೆಯವರು ಬರ್ತಾರ. ನಿಂದಷ್ಟೇ ಇಟ್ಟು ಮುಗಿಸ್ಲಾ?"

"ತಡೀರಿ ಅಣ್ಣಾ. ಅವನ ಜಾಗಕ್ಕ ಸುಮ್ಮನ ಟವಲ್ ಹಾಕಿರ್ತೀನಿ."

ಬಸ್ಸಿನ ಕಿಟಕಿಯಿಂದ ಸೀಟಿಗೆ ಟವಲ್ ಎಸೆಯುತ್ತೇವಲ್ಲ, ಹಾಗೆ. ಮೈಕಿನ ಮುಂದೆ ನಿಂತೆ. ವೀರೇಶನ ದನಿ ಸ್ವಲ್ಪ ಮೂಗಿನದು, ಮೇಲಕ್ಕೆ ಹೋದಾಗ ಕೂದಲೆಳೆಯಷ್ಟು ಸೀಳುತ್ತಿತ್ತು. ಆ ಸೀಳನ್ನೂ ಹಾಕಿದೆ. ನನ್ನ ಸಾಲಿಗೆ ಎಂಟರಲ್ಲೇ ಏದುವ ನಾನು, ಅವನ ದನಿಯಲ್ಲಿ ಹದಿನಾರನ್ನೂ ಒಂದೇ ಓಟದಲ್ಲಿ ಮುಗಿಸಿದೆ. ಅವನಾಗಿ ನಿಂತಾಗ ನನಗೆ ಅವನ ಉಸಿರೂ ಬಂದಿತ್ತು. ಇದು ಹೇಗೆ ಎಂದು ನನಗೆ ಈಗಲೂ ಗೊತ್ತಿಲ್ಲ. ಪ್ರಸಾದಣ್ಣ ಬಾಗಿಲ ಕಡೆ ತಿರುಗಿ ನೋಡಿದರು, ವೀರೇಶ ಬಂದುಬಿಟ್ಟನೇನೋ ಎಂದು.

ಅವನು ಬಂದಾಗ ಒಳಗೆ ತಬಲಾ ಶುರುವಾಗಿತ್ತು. ಮುಂದಿನ ವಾರ ಅವನದು ಹಾಕೋಣ ಎಂದು ಮಾತಾಯಿತು. ಆದರೆ ನನಗೆ ತಡೆಯಲಾಗಲಿಲ್ಲ. ಹಾಡನ್ನು ಒಬ್ಬ ಗೆಳೆಯನಿಗೆ ಕಳಿಸಿದೆ, "ಯಾರಿಗೂ ಕೊಡಬ್ಯಾಡ" ಎಂದೆ. ಆ ಮಾತು ಸೇರಿಸಿದ್ದರಿಂದಲೇ ಇನ್ನೂ ಬೇಗ ಹಬ್ಬಿತು. ನಾಲ್ಕೇ ದಿನದಲ್ಲಿ ಆಟೋಗಳಲ್ಲಿ, ಟೀ ಅಂಗಡಿಗಳಲ್ಲಿ, ಯೂನಿಟ್ಟಿನ ಫೋನುಗಳಲ್ಲಿ ಅದೇ ಹಾಡು. ಹೊಗಳುತ್ತಿದ್ದುದೆಲ್ಲ ವೀರೇಶನ ಭಾಗವನ್ನು.

ವೀರೇಶ ಅದನ್ನು ಕೇಳಿದ್ದು ಟೀ ಅಂಗಡಿಯಲ್ಲಿ, ನಾನು ಎದುರಿಗೇ ಇದ್ದೆ. ಲೋಟ ಬಾಯಿಗೆ ಹಿಡಿದವನು ಹಾಗೇ ನಿಂತ. ಮುಖದಲ್ಲಿ ಮೊದಲು ಖುಷಿ ಬಂತು. ಆಮೇಲೆ ಹುಬ್ಬು ಕೂಡಿದವು.

"ಇದನ್ನ ನಾ ಯಾವಾಗ ಹಾಡಿದೆಲೇ?"

ನಾನು ನಕ್ಕೆ. ನಗಬಾರದಿತ್ತು.

"ನಮ್ಮವ್ವ ನಿನ್ನೆ ಫೋನ್ ಹಚ್ಚಿ ಅತ್ತಾಳ, ನನ್ನ ಮಗ ಎಷ್ಟು ಚಂದ ಹಾಡ್ಯಾನಂತ," ಎಂದ. "ಯಾವ ಹಾಡು ಅಂತ ತಿಳೀಲಾರದ ಹೂಂ ಅಂದೆ. ಅಕಿಗೆ ಈಗ ಏನ್ ಹೇಳ್ಲಿ?"

ಮುಂದಿನ ವಾರ ಅವನು ರೆಕಾರ್ಡಿಗೆ ಬರಲಿಲ್ಲ. ಜನಕ್ಕೆ ಮುಟ್ಟಿದ್ದು ಮುಟ್ಟಿತು, ಈಗ ಹೊಸದು ಹಾಕಿದರೆ ಯಾರು ಕೇಳುತ್ತಾರೆ ಎಂದ. ಕಾರ್ಯಕ್ರಮಗಳು ಬರತೊಡಗಿದವು. ಅಲ್ಲಿ ಅವನೇ ಹಾಡಬೇಕಲ್ಲ. ಹಾಡುವ ಮುಂಚೆ ಕಿವಿಗೆ ಫೋನ್ ಹಚ್ಚಿ ನಾನು ಹಾಡಿದ್ದನ್ನು ಕೇಳುತ್ತಿದ್ದ. ನಾನು ಮಾಡಿದ ವೀರೇಶನನ್ನು ವೀರೇಶ ಕಲಿಯುತ್ತಿದ್ದ. ಆ ದೃಶ್ಯ ನೋಡಿಯೂ ನಾನು ಜನರ ಮುಂದೆ ಬಾಯಿ ಬಿಡಲಿಲ್ಲ. ನಿಜ ಹೇಳಿದರೆ ಹಾಡಿನ ಹೆಸರು ಹೋಗುತ್ತದೆ ಎಂಬ ಭಯ ಇತ್ತು. ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಸಿರುಗುಪ್ಪದಲ್ಲಿ ಒಂದು ಸಂಜೆ ಕಾರ್ಯಕ್ರಮ. ವೀರೇಶನ ಸರದಿ ಬಂತು. ಆರನೇ ಸಾಲಿಗೆ ಮುಂದೆ ಕೂತ ಒಬ್ಬ ಕೂಗಿದ: "ಲೇ, ರೆಕಾರ್ಡ್ ಹಾಕ್ರಲೇ! ಅದರಾಗ ಚಲೋ ಅದಾನ!" ಜನ ನಕ್ಕರು. ವೀರೇಶ ನಿಂತುಬಿಟ್ಟ. ತಾಳ ಓಡುತ್ತಿತ್ತು. ಆಗ ನಾನೇನು ಮಾಡಿದೆ ಗೊತ್ತೇ? ಕಾರ್ಯಕ್ರಮ ಉಳಿಸುತ್ತೇನೆಂದು ಮುಂದೆ ಬಂದು ಉಳಿದ ಸಾಲುಗಳನ್ನು ಅವನ ದನಿಯಲ್ಲಿ, ಅವನ ಮುಂದೆಯೇ ಮುಗಿಸಿದೆ. ಚಪ್ಪಾಳೆ ಬಿತ್ತು. ತಿರುಗಿ ನೋಡಿದರೆ ವೀರೇಶನ ಮೈಕು ಸ್ಪೀಕರ್ ಪೆಟ್ಟಿಗೆಯ ಮೇಲಿತ್ತು, ಅವನಿರಲಿಲ್ಲ.

ಅವನು ಯೂನಿಟ್ಟಿಗೂ ಬರಲಿಲ್ಲ. ಸಿರುಗುಪ್ಪದ ರೈಸ್ ಮಿಲ್ಲೊಂದರಲ್ಲಿ ಕೆಲಸಕ್ಕೆ ಸೇರಿದ. ಫೋನು ಮಾಡಿ ಖಾಜಾ ಮಾಸ್ಟರ ದನಿಯಲ್ಲಿ "ಬೇಟಾ, ಮಾಫ್ ಮಾಡಪ್ಪ ಆ ಮೂರ್ಖನ್ನ" ಎಂದೆ. ನಕ್ಕ. ಇನ್ನೊಮ್ಮೆ ಮಂತ್ರಿಯ ದನಿಯಲ್ಲಿ ಕ್ಷಮೆ ಕೋರಿದೆ. ಕಟ್ ಮಾಡಿದ. ಆಮೇಲೆ ನಾನು ಫೋನು ಮಾಡುವುದನ್ನೇ ಬಿಟ್ಟೆ.

ನಂತರದ ಹತ್ತು ವರ್ಷದಲ್ಲಿ ಹಾಡು ಮಾಡುವ ಕೆಲಸವೇ ಬದಲಾಯಿತು. ಪ್ರಸಾದಣ್ಣನ ಹಾಸಿಗೆ ಕೋಣೆಯಲ್ಲಿ ಈಗ ಅವರ ಅಳಿಯ ಮಲಗುತ್ತಾನೆ. ಎಲ್ಲರೂ ಮನೆಯ ಕಪಾಟಿನ ಬಾಗಿಲು ತೆರೆದು, ಬಟ್ಟೆಗಳ ನಡುವೆ ತಲೆ ತೂರಿಸಿ ಫೋನಿನಲ್ಲೇ ರೆಕಾರ್ಡು ಮಾಡುತ್ತಾರೆ. ತಾಳ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ, ಪೆಡಲು ಒತ್ತುವವನು ಬೇಡ. ಒಂದು ಸಾಲು ಹೇಳಿ ನೀರು ಕುಡಿದು, ಚಾರ್ಜರ್ ಹುಡುಕಿ, ಎರಡನೇ ಸಾಲು ಹೇಳಬಹುದು. ಕಂಪ್ಯೂಟರು ಅಂಟಿಸಿ ಕೊಡುತ್ತದೆ. ಉಸಿರು ಕದಿಯುವ ವಿದ್ಯೆ ಹೋಯಿತು. ರೀಲ್ಸಿಗೆ ನಾಲ್ಕು ಸಾಲು ಸಾಕು, ಹದಿನಾರು ಎಂದರೆ ಹರಿಕಥೆ ಎನ್ನುತ್ತಾರೆ. ನಾನೂ ಅಂಥವು ಮಾಡಿದ್ದೇನೆ, ಸಾಧುವಿನಂತೆ ಮಾತಾಡುವುದಿಲ್ಲ. ಇಂದಿನ ಹುಡುಗರ ಪ್ರಾಸ ನಮಗಿಂತ ಚೂಪಾಗಿದೆ, ಅವರ ಕನ್ನಡಕ್ಕೆ ನಾಚಿಕೆ ಇಲ್ಲ. ಆದರೆ ಐದು ಜನ ಸುತ್ತ ನಿಂತು ಒಬ್ಬನ ಉಸಿರು ಎಲ್ಲಿಯವರೆಗೆ ಬರುತ್ತದೆ ಎಂದು ಕಾಯುವ ಆ ಕಾತರ ಈಗ ಎಲ್ಲಿಯೂ ಕಾಣುವುದಿಲ್ಲ. ನನಗೆ ಬೇಕಿರುವುದು ಅದು.

ಕಳೆದ ಬೇಸಿಗೆಯಲ್ಲಿ ಮೋಕಾ ಊರಿನ ಶ್ರಾವಣಿ ಎಂಬ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಒಳ್ಳೆಯ ಹಾಡುಗಾರ್ತಿ, ಮಾತು ಮೆಣಸಿನಕಾಯಿ. ನಮ್ಮ ಹಳೆಯ ಹಾಡನ್ನು ಹೊಸದಾಗಿ ಮಾಡಬೇಕಂತೆ.

"ಅಣ್ಣಾ, ವೀರೇಶಣ್ಣನ ಭಾಗ ಸಾಫ್ಟ್‌ವೇರಿಗೆ ಕೊಟ್ರ ಅವರ ದನ್ಯಾಗ ಹೊಸ ಸಾಲು ಹಾಡ್ತೈತಿ. ಅವರು ಬರೋದೇ ಬ್ಯಾಡ."

ನನ್ನ ಕಸುಬನ್ನು ಒಂದು ಯಂತ್ರ ನನಗಿಂತ ಚೆನ್ನಾಗಿ ಮಾಡುತ್ತದೆ ಎಂದು ನಗು ಬಂತು. ಆಮೇಲೆ ಹೊಳೆಯಿತು. ಆ ಯಂತ್ರಕ್ಕೆ ವೀರೇಶ ಎಂದು ಕೊಡಲು ಹೊರಟಿದ್ದು ನನ್ನನ್ನು.

"ಅದು ವೀರೇಶ ಅಲ್ಲವ್ವ. ನಾನು," ಎಂದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಹೇಳಿದ್ದು.

"ಸುಳ್ಳು ಬ್ಯಾಡ್ರಿ."

ಎರಡು ಸಾಲು ಹೇಳಿ ತೋರಿಸಿದೆ. "ಹಂಗಾರ ಆ ಅಣ್ಣಂದು ಖರೇ ದನಿ ಎಲ್ಲೈತಿ?" ಎಂದು ಕೇಳಿದಳು.

ಎಲ್ಲಿಯೂ ಇರಲಿಲ್ಲ. ಯಾವ ಫೋನಿನಲ್ಲೂ, ಯಾವ ಕಾರ್ಡಿನಲ್ಲೂ. ಅಷ್ಟು ಚೆನ್ನಾಗಿ ಹಾಡಿದವನ ಒಂದು ಸಾಲೂ ಉಳಿದಿರಲಿಲ್ಲ. ಅವನ ಜಾಗದಲ್ಲಿ ನನ್ನ ಟವಲ್ಲೇ ಕೂತಿತ್ತು.

ಮರುದಿನ ಸಿರುಗುಪ್ಪಕ್ಕೆ ಹೋದೆ. ಮಿಲ್ಲಿನ ಹಿಂದೆ ತೌಡಿನ ಚೀಲಗಳ ಹತ್ತಿರ ವೀರೇಶ ನಿಂತಿದ್ದ. ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬೆಳ್ಳಗೆ. ನನಗಿಂತ ಇಪ್ಪತ್ತು ವರ್ಷ ಹಿರಿಯನಂತೆ ಕಂಡ.

"ಏನಲೇ, ಇವತ್ತು ಯಾರಾಗಿ ಬಂದಿ?" ಎಂದ.

ಯಾರ ದನಿಯಲ್ಲಿ ಉತ್ತರಿಸಲಿ ಎಂದು ಬಾಯಿ ಹುಡುಕಾಡಿತು. ಒಂದೂ ಬರಲಿಲ್ಲ.

"ತಪ್ಪಾತು ವೀರೇಶ. ನಿನ್ನ ದನಿ ತಗೊಂಡೆ. ನಿಮ್ಮವ್ವಗ ಹೇಳಾಕ ಬಂದೀನಿ, ಅದು ನಾ ಹಾಡಿದ್ದಂತ."

ನನ್ನ ದನಿ ನನಗೇ ಪರಿಚಯವಿಲ್ಲದವರ ದನಿಯಂತೆ ತೆಳ್ಳಗೆ ಕೇಳಿತು. ವೀರೇಶ ಟವಲ್ಲಿನಿಂದ ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

"ಅವ್ವಗ ಅವತ್ತೇ ಹೇಳೀನಿ," ಎಂದ. "ಅಕಿ ನಂಬಲಿಲ್ಲ. ನನ್ನ ಮಗನ ದನಿ ನನಗ ಗೊತ್ತಿಲ್ಲೇನು ಅಂದ್ಲು. ಈಗೂ ಅದನ್ನೇ ಹಚ್ಚಿ ಕೇಳ್ತಾಳ."

"ಹಂಗಾರ ಅಕಿಗೆ ನಿಂದು ಕೇಳಿಸೋಣು. ಫೋನ್ ತಂದೀನಿ. ಒಂದ್ ಸಲ ಹೇಳು."

"ಹುಚ್ಚೇನಲೇ? ಹತ್ತು ವರ್ಷ ತೌಡು ಕುಡದ ಎದಿ ಇದು."

"ಎಷ್ಟು ಬರ್ತೈತೋ ಅಷ್ಟು."

ಗೋದಾಮಿನ ಹಿಂದೆ ಮಷಿನ್ನಿನ ಸದ್ದು ಕಡಿಮೆ ಇರುವ ಗೋಡೆಗೆ ಒರಗಿ ನಿಂತೆವು. ಫೋನು ಹಿಡಿದೆ. ವೀರೇಶ ಕಣ್ಣು ಮುಚ್ಚಿದ. ಶುರು ಮಾಡಿದ. ಆ ಮೂಗಿನ ದನಿ ಈಗ ಒರಟಾಗಿತ್ತು, ಸೀಳು ಕೂದಲೆಳೆಯಷ್ಟಿರಲಿಲ್ಲ, ಗೋಡೆಯ ಬಿರುಕಿನಷ್ಟಿತ್ತು. ಆದರೆ ಬೊಂಬಾಯಿ ನೋಡಿದ ಪ್ಯಾಂಟಿನ ಸಾಲು ಬಂದಾಗ ಅವನು ಒಂದು ಶಬ್ದವನ್ನು ಸ್ವಲ್ಪ ತಡೆದು ಬಿಟ್ಟ. ನಾನು ಹಾಡಿದಾಗ ಅದು ನನಗೆ ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಊರೆಲ್ಲ ಕೇಳಿದ್ದು ಅರೆಬರೆ ಹಾಡು.

ಹನ್ನೊಂದನೇ ಸಾಲಿಗೆ ಉಸಿರು ಕಡಿಯಿತು. ಕೆಮ್ಮು ಬಂತು. ಗೋಡೆ ಹಿಡಿದು ಬಗ್ಗಿದ.

ಉಳಿದ ಐದು ಸಾಲು ನನ್ನ ನಾಲಗೆಯ ತುದಿಯಲ್ಲಿದ್ದವು, ಅವನ ಇಪ್ಪತ್ತೆರಡರ ದನಿಯಲ್ಲಿ, ಒಂದಕ್ಷರ ಆಚೀಚೆ ಆಗದಂತೆ. ವೀರೇಶ ಬಗ್ಗಿದಲ್ಲಿಂದಲೇ ತಲೆ ಎತ್ತಿ ನನ್ನ ಬಾಯಿಯನ್ನೇ ನೋಡಿದ. ಫೋನು ಓಡುತ್ತಿತ್ತು. ನಾನು ತುಟಿ ಬಿಗಿದೆ. ಚೀಲ ಎತ್ತುವ ಹಮಾಲರ ಕೂಗು ಒಂದು ಸಲ ಬಂದು ಹೋಯಿತು. ಇನ್ನೊಂದು ಸಲ ಬಂತು.

ವೀರೇಶ ನೆಟ್ಟಗೆ ನಿಂತು ನೀರು ಕುಡಿದ.

"ಐತವಾರ ಬಾ," ಎಂದ. "ಮತ್ತ ಮೊದಲಿಂದ ಹೇಳ್ತೀನಿ."

ಆಗಿನಿಂದ ಪ್ರತಿ ಭಾನುವಾರ ಸಿರುಗುಪ್ಪದ ಬಸ್ಸು ಹತ್ತುತ್ತೇನೆ. ಒಂದೆರಡು ಸಲ ಶ್ರಾವಣಿಯೂ ಬಂದು ಗೋಡೆಯ ಹತ್ತಿರ ಕೂತು, ಮಾತಾಡದೆ ಕೇಳಿ ಹೋಗಿದ್ದಾಳೆ. ಮೊನ್ನೆ ಅವನ ಉಸಿರು ಹದಿಮೂರರವರೆಗೆ ಬಂತು.